ಅಗ್ಗದ ಡಿಮ್ ಸಮ್ ಅಂಗಡಿ, ಗಿರಾಕಿಗಳ ಮಾತು: ಒಂದೂಮುಕ್ಕಾಲು ಶತಮಾನದ ಕತೆ

ಮೂರು ವರ್ಷದ ಹಿಂದೆ ನಮ್ಮ ತಾಲ್ಲೂಕಿನ ಬಸ್ ಸ್ಟ್ಯಾಂಡ್ ಎದುರು ಇಬ್ಬರು ಹುಡುಗರು ತಳ್ಳುಗಾಡಿಯಲ್ಲಿ ಮೊಮೊ ಮಾರುತ್ತಿದ್ದರು. ಈಶಾನ್ಯ ರಾಜ್ಯದಿಂದ ಬಂದವರು. ಆರು ಮೊಮೊಗೆ ಐವತ್ತು ರೂಪಾಯಿ. ಸಂಜೆ ಕಾಲೇಜು ಬಿಟ್ಟ ಕೂಡಲೇ ಮಕ್ಕಳು ಮುಗಿಬೀಳುತ್ತಿದ್ದರು. ಒಂದು ದಿನ ವಾಟ್ಸಾಪ್‌ನಲ್ಲಿ ಮಾತು ಶುರುವಾಯಿತು: ಅದರೊಳಗೆ ಎಂಥ ಮಾಂಸ ಹಾಕುತ್ತಾರೋ, ತಿಂದವರಿಗೆ ಹೊಟ್ಟೆ ಕೆಟ್ಟಿದೆಯಂತೆ. ನಾನು ನಾಲ್ಕು ಸಾಲು ಬರೆದು ಪತ್ರಿಕೆಗೆ ಕಳಿಸಿದೆ. 'ಸಾರ್ವಜನಿಕರ ದೂರು' ಅಂತ ಅಚ್ಚಾಯಿತು. ಹೊಟ್ಟೆ ಕೆಟ್ಟವರು ಅಂತ ಒಬ್ಬರನ್ನೂ ನಾನು ಕಂಡು ಮಾತಾಡಿಸಿರಲಿಲ್ಲ.

ಆರೋಗ್ಯ ನಿರೀಕ್ಷಕರು ಬಂದು ನೋಡಿದರು. ಮೈದಾ, ಎಲೆಕೋಸು, ಕೋಳಿಮಾಂಸ. ತಪ್ಪೇನೂ ಸಿಗಲಿಲ್ಲ. ಆದರೆ ಗಿರಾಕಿಗಳು ವಾಪಸ್ ಬರಲಿಲ್ಲ. ತಿಂಗಳೊಳಗೆ ಗಾಡಿಯೂ ಹೋಯಿತು, ಹುಡುಗರೂ ಹೋದರು. ತಪ್ಪು ಸಿಗಲಿಲ್ಲ ಅನ್ನುವುದನ್ನು ನಾನು ಬರೆಯಲಿಲ್ಲ. ಅದು ಸುದ್ದಿಯಲ್ಲ ಅಂದುಕೊಂಡಿದ್ದೆ.

ಆಮೇಲೆ ಮನಸ್ಸು ತಡೆಯದೆ ಮೊಮೊದ ನೆಂಟನೊಬ್ಬನ ಚರಿತ್ರೆ ಓದಲು ಕೂತೆ. ಆ ನೆಂಟನ ಹೆಸರು ಡಿಮ್ ಸಮ್. ದಕ್ಷಿಣ ಚೀನಾದಲ್ಲಿ ಹುಟ್ಟಿ ಹಾಂಗ್ ಕಾಂಗ್, ಅಮೆರಿಕದವರೆಗೆ ಹೋದ ತಿಂಡಿ. ನಮ್ಮ ತಾಲ್ಲೂಕಿನಲ್ಲಿ ಒಂದು ತಿಂಗಳಲ್ಲಿ ನಡೆದದ್ದು ಅಲ್ಲಿ ನೂರಕ್ಕೂ ಹೆಚ್ಚು ವರ್ಷ ದೊಡ್ಡದಾಗಿ ನಡೆದಿದೆ. ಆ ಕತೆಯನ್ನೇ ಇಲ್ಲಿ ಹೇಳುತ್ತೇನೆ.

ಎರಡು ಲೀ ಚಹಾ, ಎರಡು ತುಂಡು ತಿಂಡಿ

ಡಿಮ್ ಸಮ್ ಅಂದರೆ ಒಂದೇ ತಿಂಡಿಯಲ್ಲ. ನಮ್ಮಲ್ಲಿ ಇಡ್ಲಿ, ವಡೆ, ಬೋಂಡಾ ಎಲ್ಲ ಸೇರಿ 'ತಿಂಡಿ' ಆದ ಹಾಗೆ, ಹಬೆಯಲ್ಲಿ ಬೆಂದ, ಕರಿದ, ಸುಟ್ಟ ಸಣ್ಣ ಸಣ್ಣ ತಿನಿಸುಗಳ ಗುಂಪಿಗೆ ಆ ಹೆಸರು. ಸಿಗಡಿ ತುಂಬಿದ್ದು ಹಾ ಗಾವ್. ಹಂದಿಮಾಂಸ ತುಂಬಿ ಬಾಯಿ ತೆರೆದಿಟ್ಟದ್ದು ಶು ಮೈ. ಸುಟ್ಟ ಹಂದಿಮಾಂಸದ ಹೂರಣವಿರುವ ಮೆತ್ತನೆಯ ಬನ್ನು ಚಾ ಶು ಬಾವ್. ನಮ್ಮ ಕಡುಬು ಮಾಡುವ ಹಾಗೆಯೇ ಹಿಟ್ಟು ತಟ್ಟಿ, ಹೂರಣ ಇಟ್ಟು, ಮಡಿಚಿ, ಹಬೆಗಿಡುವುದು. ನಾವು ಪಾತ್ರೆಯಲ್ಲಿ ಇಡುತ್ತೇವೆ, ಅವರು ಬಿದಿರಿನ ಬುಟ್ಟಿಯಲ್ಲಿ.

ಡಿಮ್ ಸಮ್ ತಿನ್ನಲು ಹೋಗುವುದಕ್ಕೆ ಅವರ ಭಾಷೆಯಲ್ಲಿ 'ಯಮ್ ಚಾ' ಅನ್ನುತ್ತಾರೆ, ಅಂದರೆ ಚಹಾ ಕುಡಿಯುವುದು. 19ನೇ ಶತಮಾನದಲ್ಲಿ ಗ್ವಾಂಗ್‌ಝೌ ನಗರದಲ್ಲಿ 'ಎರಡು ಲೀ ಅಂಗಡಿ' ಎಂಬ ಬಡವರ ಚಹಾದಂಗಡಿಗಳಿದ್ದವು. ಆ ನಗರವನ್ನು ಆಗ ಇಂಗ್ಲಿಷರು ಕ್ಯಾಂಟನ್ ಅನ್ನುತ್ತಿದ್ದರು. ಲೀ ಅಂದರೆ ಆಗಿನ ಚಿಲ್ಲರೆ ಲೆಕ್ಕ, ನಮ್ಮ ಕಾಸಿನ ಹಾಗೆ. ಮೂಟೆ ಹೊರುವವರು, ಕೂಲಿ ಮಾಡುವವರು ಬಂದು ಮರದ ಬೆಂಚಿನ ಮೇಲೆ ಕೂತು ಚಹಾ ಕುಡಿದು ತಿಂಡಿ ತಿಂದು ಕೆಲಸಕ್ಕೆ ಹೋಗುತ್ತಿದ್ದರು. 'ಒಂದು ಬಟ್ಟಲು, ಎರಡು ತುಂಡು' ಅನ್ನುವ ಮಾತು ಇಂದಿಗೂ ಅಲ್ಲಿ ಬಳಕೆಯಲ್ಲಿದೆ. ಒಂದು ಚಹಾ, ಎರಡು ತಿಂಡಿ ಅಂತ ಅದರ ಅರ್ಥ.

ಅಲ್ಲಿ ಗಿರಾಕಿ ಕೂಗಬೇಕಾಗಿಲ್ಲ. ಚಹಾ ಮುಗಿದರೆ ಮುಚ್ಚಳ ತೆರೆದಿಟ್ಟರೆ ಸಾಕು, ಬಿಸಿನೀರು ಬರುತ್ತದೆ. ಯಾರಾದರೂ ಚಹಾ ಸುರಿದರೆ ಮೇಜಿನ ಮೇಲೆ ಎರಡು ಬೆರಳು ತಟ್ಟಿದರೆ ಧನ್ಯವಾದ ಹೇಳಿದಂತೆ. ಅಂಗಡಿಯವರೂ ಗಿರಾಕಿಗಳೂ ಒಂದೇ ಊರಿನವರು, ಒಂದೇ ಭಾಷೆಯವರು. ತಿಂಡಿ ಕೆಟ್ಟಿದ್ದರೆ ಎದುರಿಗೇ ಹೇಳಬಹುದಿತ್ತು.

ಸಮುದ್ರ ದಾಟಿದ ಮೇಲೆ

1848ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ಕ್ಯಾಂಟನ್ ಸುತ್ತಲಿನ ಹಳ್ಳಿಗಳಿಂದ ಸಾವಿರಾರು ಜನ ಹಡಗು ಹತ್ತಿದರು. 1849ರ ಹೊತ್ತಿಗಾಗಲೇ ಸ್ಯಾನ್ ಫ್ರಾನ್ಸಿಸ್ಕೊದ ಜಾಕ್ಸನ್ ಬೀದಿಯಲ್ಲಿ 'ಕ್ಯಾಂಟನ್ ರೆಸ್ಟೋರೆಂಟ್' ಎಂಬ ಹೋಟೆಲ್ ಇತ್ತು. ಆ ವರ್ಷ ನವೆಂಬರ್‌ನಲ್ಲಿ ಸುಮಾರು 300 ಚೀನೀಯರು ಅಲ್ಲೇ ಸಭೆ ಸೇರಿದ್ದರು.

ಆಗ ಗಿರಾಕಿಗಳು ಏನೆನ್ನುತ್ತಿದ್ದರು ಗೊತ್ತೆ? ಚಿನ್ನ ಹುಡುಕಲು ಹೋಗಿದ್ದ ವಿಲಿಯಂ ಶಾ ಎಂಬುವರ ಪುಸ್ತಕ 1851ರಲ್ಲಿ ಬಂತು. ಊರಿನ ಒಳ್ಳೆಯ ಊಟದ ಮನೆಗಳೆಂದರೆ ಚೀನೀಯರದೇ ಅಂತ ಅವರು ಬರೆದಿದ್ದಾರೆ. ಗಣಿಯಲ್ಲಿ ದುಡಿದು ಬಂದ ಬಿಳಿಯರೇ ಆ ಅಂಗಡಿಗಳಲ್ಲಿ ಕೂತು ಅಗ್ಗಕ್ಕೆ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು.

ಮುಂದಿನ ಮೂವತ್ತು ವರ್ಷದಲ್ಲಿ ಮಾತು ಪೂರಾ ತಿರುಗಿತು. ಅಡುಗೆ ಬದಲಾಗಿದ್ದಕ್ಕಲ್ಲ. 1869ರಲ್ಲಿ ಅಮೆರಿಕದ ಉದ್ದಗಲ ರೈಲು ಮಾರ್ಗ ಮುಗಿಯಿತು. ಅದನ್ನು ಕಟ್ಟಿದ ಸಾವಿರಾರು ಚೀನೀ ಕೂಲಿಗಳು ಬೇರೆ ಕೆಲಸ ಹುಡುಕಿಕೊಂಡು ಊರಿಗೆ ಬಂದರು. 1873ರಲ್ಲಿ ವ್ಯಾಪಾರ ಕುಸಿದು ಕೆಲಸಗಳು ಹೋದವು. ಇರುವ ಕೆಲಸವನ್ನು ಇವರೇ ಕಡಿಮೆ ಕೂಲಿಗೆ ಮಾಡಿ ಕಸಿಯುತ್ತಿದ್ದಾರೆ ಎಂಬ ಸಿಟ್ಟು ಹುಟ್ಟಿತು. 1882ರಲ್ಲಿ ಚೀನೀ ಕೂಲಿಕಾರರು ದೇಶದೊಳಗೆ ಬರಬಾರದೆಂದು ಅಮೆರಿಕ ಕಾನೂನನ್ನೇ ಮಾಡಿತು.

ಆ ಸಿಟ್ಟು ತಟ್ಟೆಯ ಮೇಲೂ ಬಿತ್ತು. ಚೀನೀಯರು ಇಲಿ ತಿನ್ನುತ್ತಾರೆ, ಅವರ ಅಂಗಡಿಯಲ್ಲಿ ಎಂಥ ಮಾಂಸವೋ ಅಂತ ಜನ ಆಡಿಕೊಂಡರು. ಆ ಕಾಲದ ಒಂದು ಇಲಿಪಾಷಾಣದ ಜಾಹೀರಾತಿನಲ್ಲಿ ಚೀನೀಯನೊಬ್ಬ ಇಲಿಯನ್ನು ಬಾಯಿಗಿಡುತ್ತಿರುವ ಚಿತ್ರವಿತ್ತು. ಕಾರ್ಮಿಕ ಸಂಘದ ದೊಡ್ಡ ನಾಯಕ ಸ್ಯಾಮ್ಯುಯೆಲ್ ಗೋಂಪರ್ಸ್ 1902ರ ಸುಮಾರಿಗೆ ಒಂದು ಕಿರುಹೊತ್ತಗೆ ತಂದರು. ಅದರ ಹೆಸರಲ್ಲೇ ಮಾಂಸಕ್ಕೂ ಅನ್ನಕ್ಕೂ ಜಗಳ ಹಚ್ಚಿದ್ದರು. ಮಾಂಸ ತಿನ್ನುವ ಅಮೆರಿಕನ್ನರು ಅನ್ನ ತಿಂದು ಬದುಕುವವರ ಜೊತೆ ಕೂಲಿಯಲ್ಲಿ ಪೈಪೋಟಿ ಮಾಡಲಾಗದು ಅನ್ನುವುದು ಅದರ ವಾದ. ಅನ್ನ ಉಣ್ಣುವ ನಾವು ಇದನ್ನು ಓದಿದರೆ ನಗು ಬರುತ್ತದೆ. ಆದರೆ ಅದೇ ಮಾತಿನ ಬಲದಿಂದ ಕಾನೂನು ಬಿಗಿಯಾಯಿತು, ಸಂಸಾರಗಳು ಎರಡು ದೇಶದ ನಡುವೆ ಒಡೆದುಹೋದವು.

ಕಾನೂನಿನ ಸಂದಿಯಲ್ಲಿ ಬೆಳೆದ ಹೋಟೆಲ್

ಆ ಕಾನೂನಿನಲ್ಲಿ ಒಂದು ಸಂದಿಯಿತ್ತು. ಕೂಲಿಯವರು ಬರಬಾರದು, ವ್ಯಾಪಾರಿಗಳು ಬರಬಹುದು. ಹೋಟೆಲ್ ಮಾಲೀಕರೂ ವ್ಯಾಪಾರಿಗಳೇ ಅಂತ 1915ರಲ್ಲಿ ಅಲ್ಲಿನ ನ್ಯಾಯಾಲಯವೊಂದು ಒಪ್ಪಿತು. ಆಮೇಲೆ ನೆಂಟರು, ಊರವರು ಹಣ ಕೂಡಿಸಿ ಹೋಟೆಲ್ ಹಾಕತೊಡಗಿದರು. ಚೀನೀ ಹೋಟೆಲುಗಳು ಅಮೆರಿಕದಲ್ಲಿ ಅಷ್ಟೊಂದು ಇರುವುದಕ್ಕೆ ಇದೂ ಒಂದು ಕಾರಣ. ನ್ಯೂಯಾರ್ಕಿನ ನಾಮ್ ವಾ, ಸ್ಯಾನ್ ಫ್ರಾನ್ಸಿಸ್ಕೊದ ಹ್ಯಾಂಗ್ ಆ ಎಂಬ ಎರಡು ಹಳೆಯ ಡಿಮ್ ಸಮ್ ಅಂಗಡಿಗಳು ತಾವು ಶುರುವಾದದ್ದು 1920ರಲ್ಲಿ ಅನ್ನುತ್ತವೆ. ಎರಡೂ ಇಂದಿಗೂ ಇವೆ.

1943ರಲ್ಲಿ ನಿಷೇಧದ ಕಾನೂನು ಹೋಯಿತು. ಆದರೆ ವರ್ಷಕ್ಕೆ 105 ಚೀನೀಯರಿಗೆ ಮಾತ್ರ ಅವಕಾಶ. 1965ರ ಹೊಸ ಕಾನೂನು ಬಂದ ಮೇಲೆಯೇ ಬಾಗಿಲು ನಿಜವಾಗಿ ತೆರೆದದ್ದು. ಹಾಂಗ್ ಕಾಂಗ್‌ನಿಂದ ಒಳ್ಳೆಯ ಅಡುಗೆಯವರು ಬಂದರು, ಡಿಮ್ ಸಮ್‌ನ ರುಚಿ ಗೊತ್ತಿದ್ದ ಗಿರಾಕಿಗಳೂ ಬಂದರು. ಕೂತು ತಿನ್ನಲು ಜಾಗವಿಲ್ಲದ, ಬರೀ ಪಾರ್ಸಲ್ ಕೊಡುವ ಸಣ್ಣ ಅಂಗಡಿಗಳೂ ಚೈನಾಟೌನ್‌ಗಳಲ್ಲಿ ಹೆಚ್ಚಿದವು.

ಒಂದು ಪತ್ರ, ಒಂದು ರೋಗ

ಇಷ್ಟೆಲ್ಲ ಆಗಿ ಒಳ್ಳೆಯ ದಿನ ಬಂತು ಅನ್ನುವಾಗ 1968ರ ಏಪ್ರಿಲ್ ಬಂತು. ರಾಬರ್ಟ್ ಹೋ ಮ್ಯಾನ್ ಕ್ವಾಕ್ ಎಂಬ ವೈದ್ಯರು ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಗೆ ಒಂದು ಪತ್ರ ಬರೆದರು. ಅವರೂ ಚೀನಾ ಮೂಲದವರೇ. ಚೀನೀ ಹೋಟೆಲಿನಲ್ಲಿ, ಅದರಲ್ಲೂ ಉತ್ತರ ಚೀನಾದ ಅಡುಗೆ ತಿಂದಾಗ, ಕತ್ತಿನ ಹಿಂದೆ ಜೋಮು ಹಿಡಿಯುತ್ತದೆ, ಸುಸ್ತಾಗುತ್ತದೆ, ಎದೆ ಬಡಿದುಕೊಳ್ಳುತ್ತದೆ, ಎರಡು ಗಂಟೆಯಲ್ಲಿ ಸರಿಯಾಗುತ್ತದೆ. ಅಡುಗೆಗೆ ಹಾಕುವ ಮದ್ಯವೋ, ಉಪ್ಪೋ, ಎಂಎಸ್‌ಜಿಯೋ ಕಾರಣವಿರಬಹುದೇ ಅಂತ ಕೇಳಿದ್ದರು. ಅದು ಬರೀ ಒಂದು ಪ್ರಶ್ನೆ, ಒಬ್ಬ ಗಿರಾಕಿಯ ಅನುಮಾನ.

ಪತ್ರಿಕೆ ಅದಕ್ಕೆ 'ಚೈನೀಸ್ ರೆಸ್ಟೋರೆಂಟ್ ಸಿಂಡ್ರೋಮ್' ಅಂತ ಶೀರ್ಷಿಕೆ ಕೊಟ್ಟಿತು. ಅನುಮಾನಕ್ಕೆ ರೋಗದ ಹೆಸರು ಬಂತು. ಎಂಎಸ್‌ಜಿ ಅಂದರೆ ನಮ್ಮಲ್ಲಿ ಅಜಿನೊಮೊಟೊ, ಟೇಸ್ಟಿಂಗ್ ಪೌಡರ್ ಅಂತ ಕರೆಯುವ ಬಿಳಿ ಪುಡಿ. 1908ರಲ್ಲಿ ಜಪಾನಿನ ಕಿಕುನೆ ಇಕೆಡ ಸಮುದ್ರದ ಪಾಚಿಯ ಸಾರಿನಿಂದ ಆ ರುಚಿಯ ಮೂಲ ಕಂಡುಹಿಡಿದಿದ್ದರು. ಅಮೆರಿಕದ ಡಬ್ಬಿ ಸೂಪುಗಳಲ್ಲೂ ಅದು ಇತ್ತು. ಆದರೆ ರೋಗದ ಹೆಸರಿನಲ್ಲಿ ಬಂದದ್ದು ಚೀನೀ ಹೋಟೆಲ್ ಮಾತ್ರ. 'ನಾವು ಎಂಎಸ್‌ಜಿ ಹಾಕುವುದಿಲ್ಲ' ಅಂತ ಅಂಗಡಿಗಳು ಬಾಗಿಲಿಗೆ ಬೋರ್ಡು ಹಾಕಿಕೊಳ್ಳಬೇಕಾಯಿತು.

ಆಮೇಲೆ ಪರೀಕ್ಷೆಗಳು ನಡೆದವು. ತಿನ್ನುವವರಿಗೂ ಕೊಡುವವರಿಗೂ ಯಾವುದರಲ್ಲಿ ಪುಡಿ ಇದೆ ಅಂತ ಗೊತ್ತಿಲ್ಲದ ಹಾಗೆ ಮಾಡಿ ನೋಡಿದರೆ ದೂರು ಒಂದೇ ರೀತಿ ಮರುಕಳಿಸಲಿಲ್ಲ. ಊಟವಿಲ್ಲದೆ ಮೂರು ಗ್ರಾಂ ಅಥವಾ ಹೆಚ್ಚು ಪುಡಿ ತಿಂದರೆ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು, ಜೋಮು ಬರಬಹುದು ಅಂತ 1995ರ ಒಂದು ವರದಿ ಹೇಳಿತು. ಮಾಮೂಲಿ ಊಟದ ಒಂದು ಪಾಲಿನಲ್ಲಿರುವುದು ಅರ್ಧ ಗ್ರಾಂಗಿಂತ ಕಡಿಮೆ. ಅಮೆರಿಕದ ಆಹಾರ ಇಲಾಖೆ ಅದನ್ನು ಸುರಕ್ಷಿತ ಪದಾರ್ಥಗಳ ಸಾಲಿನಲ್ಲೇ ಇಟ್ಟಿದೆ. ಆ ರೋಗದ ಹೆಸರು ಜನರನ್ನು ನೋಯಿಸುವಂಥದ್ದು ಅಂತ ಮೆರಿಯಂ-ವೆಬ್‌ಸ್ಟರ್ ನಿಘಂಟು ತಿದ್ದಿಕೊಂಡದ್ದು 2020ರಲ್ಲಿ. ಪತ್ರ ಬಂದು 52 ವರ್ಷವಾದ ಮೇಲೆ.

ಈಗಿನ ಗಿರಾಕಿ ಏನೆನ್ನುತ್ತಾರೆ

ಇಂದು ಸ್ಯಾನ್ ಫ್ರಾನ್ಸಿಸ್ಕೊದ ಸ್ಟಾಕ್‌ಟನ್ ಬೀದಿಯಂಥ ಕಡೆ ಪಾರ್ಸಲ್ ಅಂಗಡಿಯ ಮುಂದೆ ಬೆಳಿಗ್ಗೆಯೇ ಸಾಲು. ಗಿರಾಕಿಗಳ ಮಾತು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಥರ. ಮೆಚ್ಚುವವರು: ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಸಿಗುತ್ತದಲ್ಲ, ಬಿಸಿಬಿಸಿ ಇದೆ. ಬೈಯುವವರು: ಕೌಂಟರಿನ ಹೆಂಗಸು ಸಿಡುಕುತ್ತಾಳೆ, ನಗದೇ ಬೇಕು ಅನ್ನುತ್ತಾರೆ, ಮನೆಗೆ ಹೋಗಿ ಬಿಚ್ಚಿದರೆ ಪೆಟ್ಟಿಗೆಗೆ ಅಂಟಿಕೊಂಡಿದೆ.

ಈ ಕೊನೆಯ ದೂರನ್ನೇ ನೋಡಿ. ಹಾ ಗಾವ್‌ನ ಹೊರ ಹಾಳೆ ಗೋಧಿಯ ಪಿಷ್ಟದ್ದು. ಒಳಗಿನ ಸಿಗಡಿ ಕಾಣುವಷ್ಟು ತೆಳ್ಳಗಿರಬೇಕು, ಕನಿಷ್ಠ ಏಳು ನಿರಿಗೆ ಇರಬೇಕು, ಹತ್ತಿದ್ದರೆ ಇನ್ನೂ ಲೇಸು. ಬಿಸಿಯಿದ್ದಾಗ ಮೆತ್ತಗಿರುವ ಪಿಷ್ಟ ಆರಿದರೆ ಬಿರುಸಾಗುತ್ತದೆ, ಮುಚ್ಚಿಟ್ಟರೆ ಬೆವತು ಅಂಟುತ್ತದೆ. ಆರಿದ ಕಡುಬು ಏನಾಗುತ್ತದೆ ಅಂತ ನಮ್ಮ ತಾಯಂದಿರಿಗೆ ಹೇಳಬೇಕಾಗಿಲ್ಲ. ಅಂದರೆ ಆ ದೂರಿನಲ್ಲಿ ಅರ್ಧ ಅಡುಗೆಯದು, ಇನ್ನರ್ಧ ಪಾರ್ಸಲ್ ಕಟ್ಟಿಸಿಕೊಂಡು ಹೋದ ದಾರಿಯದು. ಹತ್ತಿರದ ಪೋರ್ಟ್ಸ್‌ಮೌತ್ ಸ್ಕ್ವೇರ್ ಪಾರ್ಕಿನಲ್ಲಿ ಕೂತು ತಕ್ಷಣ ತಿಂದವರಿಗೂ ಒಂದು ಗಂಟೆ ಕಾರಿನಲ್ಲಿ ಒಯ್ದವರಿಗೂ ಸಿಕ್ಕ ತಿಂಡಿ ಒಂದೇ ಅಲ್ಲ.

ಇನ್ನು 'ಅಗ್ಗ' ಅನ್ನುವ ಹೊಗಳಿಕೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ, ಭಾರತ ಮೂಲದ ಕೃಷ್ಣೇಂದು ರೇ 2016ರಲ್ಲಿ ವಲಸಿಗರ ಹೋಟೆಲುಗಳ ಬಗ್ಗೆ ಒಂದು ಪುಸ್ತಕ ತಂದರು. ಒಂದು ದೇಶದ ಅಡುಗೆಗೆ ಜನ ಎಷ್ಟು ಕೊಡಲು ಒಪ್ಪುತ್ತಾರೆ ಅನ್ನುವುದು ರುಚಿಯಿಂದಷ್ಟೇ ನಿರ್ಧಾರವಾಗುವುದಿಲ್ಲ, ಆ ದೇಶದವರಿಗೆ ಸಮಾಜದಲ್ಲಿರುವ ಸ್ಥಾನವೂ ಅದರಲ್ಲಿ ಸೇರಿದೆ ಅನ್ನುತ್ತಾರೆ ಅವರು. ಬಡ ವಲಸಿಗರ ಅಡುಗೆ ಅಗ್ಗವಾಗಿಯೇ ಇರಬೇಕು ಅಂತ ಗಿರಾಕಿ ಮೊದಲೇ ತೀರ್ಮಾನಿಸಿರುತ್ತಾನೆ.

ಕೈಗುಣ ಮಾತ್ರ ಬೆಲೆ ನೋಡುವುದಿಲ್ಲ. ಹಾಂಗ್ ಕಾಂಗ್‌ನ ಮಾಕ್ ಕ್ವೈ-ಪುಯಿ ಐಷಾರಾಮಿ ಹೋಟೆಲಿನಲ್ಲಿ ಡಿಮ್ ಸಮ್ ಮಾಡುತ್ತಿದ್ದವರು. 2009ರಲ್ಲಿ ಮಾಂಗ್ ಕಾಕ್ ಎಂಬ ಗಿಜಿಗುಡುವ ಬಡಾವಣೆಯಲ್ಲಿ ಸುಮಾರು 20 ಜನ ಕೂರುವ 'ಟಿಮ್ ಹೋ ವಾನ್' ತೆರೆದು ಅಗ್ಗದ ಬೆಲೆಗೆ ಕೊಟ್ಟರು. 2010ರ ಮಿಶೆಲಿನ್ ಕೈಪಿಡಿ ಅದಕ್ಕೆ ಒಂದು ನಕ್ಷತ್ರ ಕೊಟ್ಟಿತು. ದೊಡ್ಡ ದೊಡ್ಡ ಹೋಟೆಲುಗಳು ಕಾಯುವ ಗೌರವ ಅದು.

ಗಿರಾಕಿಗಳ ಮಾತಿನಲ್ಲಿ ಬಾರದ ಇನ್ನೊಂದು ಸಂಗತಿಯಿದೆ. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೆಸರುವಾಸಿ ಡಿಮ್ ಸಮ್ ಹೋಟೆಲೊಂದು ಸುಮಾರು 280 ಕೆಲಸಗಾರರಿಗೆ ಬಾಕಿ ಕೂಲಿ ಅಂತ 40 ಲಕ್ಷ ಡಾಲರ್ ಕೊಡಲು ಒಪ್ಪಿತು. ಅದು ಅಗ್ಗದ ಅಂಗಡಿಯೂ ಆಗಿರಲಿಲ್ಲ. ಅಲ್ಲಿ ತಿಂದವರು ವರ್ಷಗಟ್ಟಲೆ ರುಚಿಯ ಬಗ್ಗೆ, ಬೆಲೆಯ ಬಗ್ಗೆ ಮಾತಾಡಿದ್ದರು. ತಳ್ಳುಗಾಡಿ ನೂಕಿಕೊಂಡು ಬುಟ್ಟಿ ತಂದಿಟ್ಟವರಿಗೆ ಸಂಬಳ ಸರಿಯಾಗಿ ಬಂತೇ ಅಂತ ತಟ್ಟೆ ನೋಡಿದರೆ ತಿಳಿಯುವುದಿಲ್ಲ. ಅದನ್ನು ಹೊರಗೆ ತಂದವರು ಕೆಲಸಗಾರರೇ.

ಹಾಗಂತ ಗಿರಾಕಿ ಬಾಯಿ ಮುಚ್ಚಿಕೊಂಡಿರಬೇಕು ಅಂತಲ್ಲ. ದುಡ್ಡು ಕೊಟ್ಟವರು ಹಳಸಿದ್ದನ್ನು ಹಳಸಿದೆ ಅನ್ನಲೇಬೇಕು. ಎಣ್ಣೆ ಕಪ್ಪಾಗಿದ್ದರೆ, ನೀರು ಕೊಳಕಾಗಿದ್ದರೆ ಹೇಳಬೇಕು. ಆದರೆ 'ನಾನು ತಿಂದೆ, ನನಗೆ ಹೀಗಾಯಿತು' ಅನ್ನುವುದು ಬೇರೆ, 'ಅವರು ಎಂಥದ್ದು ಹಾಕುತ್ತಾರೋ' ಅನ್ನುವುದು ಬೇರೆ. ಮೊದಲನೆಯದಕ್ಕೆ ಅಂಗಡಿಯವರು ಉತ್ತರ ಕೊಡಬಹುದು, ತಿದ್ದಿಕೊಳ್ಳಬಹುದು. ಎರಡನೆಯದಕ್ಕೆ ಕೊಡುವ ಉತ್ತರವೇ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊದವರಿಗೂ ಇರಲಿಲ್ಲ, ನಮ್ಮ ಬಸ್ ಸ್ಟ್ಯಾಂಡಿನ ಹುಡುಗರಿಗೂ ಇರಲಿಲ್ಲ.

ಈಗ ಇಂಥ ಫೋನ್ ಬಂದರೆ ನಾನು ಮೊದಲು ಕೇಳುವುದು ಒಂದೇ: ನೀವು ತಿಂದಿರಾ? ಹೆಚ್ಚಿನವರು ಅಲ್ಲೇ ಫೋನ್ ಇಡುತ್ತಾರೆ. ಆ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಬೈಕ್ ನಿಲ್ಲಿಸುತ್ತಾರೆ. ಹುಡುಗರು ಎಲ್ಲಿಗೆ ಹೋದರೋ ಗೊತ್ತಾಗಲಿಲ್ಲ. ಅಂದು ಬರೆಯದೆ ಬಿಟ್ಟ ಸುದ್ದಿಯನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ: ಆ ಗಾಡಿಯಲ್ಲಿ ತಪ್ಪೇನೂ ಸಿಕ್ಕಿರಲಿಲ್ಲ.