ಗಡಿ ದಾಟಿದ ಮದುವೆ

ಗಡಿಯಾಚೆಯಿಂದ ಹೆಣ್ಣು ತರುವುದು, ಆಚೆಗೆ ಹೆಣ್ಣು ಕೊಡುವುದು 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲಿನಿಂದಲೂ ನಮ್ಮ ಮನೆತನಗಳಲ್ಲಿ ನಡೆದುಬಂದಿದೆ. ಆಡಳಿತ ಭಾಷೆ ಬದಲಾಯಿತು, ಮಕ್ಕಳ ಪಠ್ಯ ಬದಲಾಯಿತು; ಆದರೆ ಅಲ್ಲಿ ಕಟ್ಟಿದ ತಾಳಿ ಇಲ್ಲಿ ಸಲ್ಲದೆಂದು ಯಾವ ಕಚೇರಿಯೂ ಹೇಳಲಿಲ್ಲ. ಅಮೆರಿಕದಲ್ಲಿ ಕೆಲವು ವರ್ಷಗಳ ಹಿಂದಿನವರೆಗೂ ಹಾಗೆ ಹೇಳುವ ರಾಜ್ಯಗಳಿದ್ದವು. ಸಲಿಂಗ ವಿವಾಹದ ನಿಷೇಧವನ್ನು ಅಲ್ಲಿ ಕೊನೆಗಾಣಿಸಿದ ಮೊಕದ್ದಮೆ ಹುಟ್ಟಿದ್ದು ಅಂಥದೊಂದು ರಾಜ್ಯದ ಗಡಿಯಲ್ಲಿಯೇ ಆದ್ದರಿಂದ, ಆ ಚರಿತ್ರೆ ಗಡಿನಾಡಿನವರಾದ ನಮಗೆ ಬೇಗ ಅರ್ಥವಾಗುತ್ತದೆ.

ಮೊದಲ ಹೆಜ್ಜೆ ಹಳೆಯದು. 1970ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್ ನಗರದ ಜಾಕ್ ಬೇಕರ್ ಮತ್ತು ಮೈಕೆಲ್ ಮೆಕಾನೆಲ್ ವಿವಾಹದ ಪರವಾನಗಿಗೆ ಅರ್ಜಿ ಹಾಕಿದರು. ಅಧಿಕಾರಿ ನಿರಾಕರಿಸಿದರು; ಮಿನ್ನೆಸೋಟ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ 1971ರಲ್ಲಿ ಅದನ್ನೇ ಎತ್ತಿಹಿಡಿಯಿತು. ಇದರಲ್ಲಿ ಪರಿಶೀಲಿಸತಕ್ಕ ಮಹತ್ವದ ಪ್ರಶ್ನೆಯಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 1972ರಲ್ಲಿ ಒಂದೇ ವಾಕ್ಯದ ಆದೇಶದಿಂದ ಮೇಲ್ಮನವಿಯನ್ನು ವಜಾ ಮಾಡಿತು. ಆ ಒಂದು ವಾಕ್ಯ 43 ವರ್ಷ ಬಾಗಿಲಿಗೆ ಅಗುಳಿಯಾಗಿ ನಿಂತಿತು.

2004ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಇಂಥ ಮದುವೆಗಳು ಆರಂಭವಾದವು. ಅದೇ ವರ್ಷ ಒಹಾಯೊ ರಾಜ್ಯ ತನ್ನ ಸಂವಿಧಾನಕ್ಕೇ ತಿದ್ದುಪಡಿ ತಂದು ಅವನ್ನು ನಿಷೇಧಿಸಿತು. ಹೀಗೆ ರಾಜ್ಯಕ್ಕೊಂದು ನ್ಯಾಯವಾಯಿತು.

ಒಹಾಯೊದ ಸಿನ್ಸಿನಾಟಿಯಲ್ಲಿ ಜಿಮ್ ಓಬರ್‌ಗೆಫೆಲ್ ಮತ್ತು ಜಾನ್ ಆರ್ಥರ್ 20 ವರ್ಷಗಳಿಂದ ಒಟ್ಟಿಗೆ ಬಾಳುತ್ತಿದ್ದರು. ಆರ್ಥರ್ ವಾಸಿಯಾಗದ ನರರೋಗದಿಂದ ಹಾಸಿಗೆ ಹಿಡಿದಿದ್ದರು. 2013ರ ಜುಲೈ 11ರಂದು, ಬಂಧುಮಿತ್ರರು ಕೂಡಿಸಿಕೊಟ್ಟ ಹಣದಿಂದ ವೈದ್ಯಕೀಯ ವಿಮಾನವೊಂದನ್ನು ಗೊತ್ತುಮಾಡಿಕೊಂಡು, ಇಂಥ ಮದುವೆಗೆ ಅನುಮತಿಯಿದ್ದ ಮೇರಿಲ್ಯಾಂಡ್ ರಾಜ್ಯಕ್ಕೆ ಹಾರಿದರು. ರೋಗಿಯನ್ನು ಕೆಳಗಿಳಿಸುವಂತಿರಲಿಲ್ಲ. ಬಾಲ್ಟಿಮೋರ್ ನಿಲ್ದಾಣದಲ್ಲಿ, ನಿಂತ ವಿಮಾನದೊಳಗೆಯೇ ಮದುವೆ ನಡೆಯಿತು. ಅದೇ ವಿಮಾನದಲ್ಲಿ ಮರಳಿದರು.

ಊರಿಗೆ ಬಂದ ಮೇಲೆ ವಕೀಲರೊಬ್ಬರು ಅವರ ಮುಂದೆ ಖಾಲಿ ಮರಣಪತ್ರದ ನಮೂನೆಯನ್ನಿಟ್ಟರು. ಆರ್ಥರ್ ತೀರಿಕೊಂಡಾಗ ಒಹಾಯೊ ಅವರನ್ನು ಅವಿವಾಹಿತರೆಂದು ಬರೆಯುವುದು, ಬಾಳಸಂಗಾತಿಯ ಅಂಕಣವನ್ನು ಖಾಲಿ ಬಿಡುವುದು ಎಂದು ತಿಳಿಸಿದರು. ಆಸ್ತಿಗಾಗಿ ಅಲ್ಲ, ಆ ಒಂದು ಅಂಕಣಕ್ಕಾಗಿ ದಾವೆ ಹೂಡಲಾಯಿತು. ಮೂರೇ ದಿನಗಳಲ್ಲಿ ಕೇಂದ್ರ ಜಿಲ್ಲಾ ನ್ಯಾಯಾಧೀಶ ತಿಮೊತಿ ಬ್ಲ್ಯಾಕ್ ತಾತ್ಕಾಲಿಕ ಆದೇಶವಿತ್ತರು.

ಅವರು ಕೊಟ್ಟ ಕಾರಣ ನಮ್ಮ ಓದುಗರಿಗೆ ಸ್ವಾರಸ್ಯಕರವಾದುದು. ಸೋದರಮಾವನ ಇಲ್ಲವೆ ಸೋದರತ್ತೆಯ ಮಕ್ಕಳೊಡನೆ ಮದುವೆಯಾಗಲು ಒಹಾಯೊದಲ್ಲಿ ಅವಕಾಶವಿಲ್ಲ. ನಮ್ಮ ಅಜ್ಜಿಯರು ಕೇಳಿದ್ದರೆ ಬೆರಗಾಗುತ್ತಿದ್ದರು! ಆದರೆ ಬೇರೆ ರಾಜ್ಯದಲ್ಲಿ ಕ್ರಮವಾಗಿ ನಡೆದ ಅಂಥ ಮದುವೆಯನ್ನು ಒಹಾಯೊ ಮಾನ್ಯಮಾಡುತ್ತಿತ್ತು. ತಾನು ಮಾಡಿಸದ ಮದುವೆಯನ್ನೂ ಗಡಿ ದಾಟಿ ಬಂದಾಗ ಒಪ್ಪುವ ರಾಜ್ಯ, ಇವರೊಬ್ಬರಿಗೆ ಮಾತ್ರ ಬಾಗಿಲು ಮುಚ್ಚುವುದೇಕೆ? ಇಡೀ ವ್ಯಾಜ್ಯದಲ್ಲಿ ಇಷ್ಟು ಸರಳವೂ ಹರಿತವೂ ಆದ ಪ್ರಶ್ನೆ ಇನ್ನೊಂದಿಲ್ಲವೆಂದು ನಮಗೆ ತೋರುತ್ತದೆ.

ಆರ್ಥರ್ ಅಕ್ಟೋಬರ್ 22ರಂದು ತೀರಿಕೊಂಡರು. ರಾಜ್ಯ ಮೇಲ್ಮನವಿ ಸಲ್ಲಿಸಿತು. 2014ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ 1972ರ ಆ ಒಂದು ವಾಕ್ಯಕ್ಕೆ ತಾನು ಬದ್ಧವೆಂದು ಹೇಳಿ ರಾಜ್ಯದ ಪಕ್ಷ ವಹಿಸಿತು. ನಾಲ್ಕು ರಾಜ್ಯಗಳ ಮೊಕದ್ದಮೆಗಳು ಒಂದಾಗಿ ಸುಪ್ರೀಂ ಕೋರ್ಟಿಗೆ ಹೋದವು. 2015ರ ಜೂನ್ 26ರಂದು ಐವರು ನ್ಯಾಯಮೂರ್ತಿಗಳು ನಿಷೇಧವನ್ನು ರದ್ದುಪಡಿಸಿದರು, ನಾಲ್ವರು ಭಿನ್ನಮತವಿತ್ತರು. ಇದನ್ನು ಜನರು ತಮ್ಮ ಶಾಸನಸಭೆಗಳ ಮೂಲಕ ನಿರ್ಧರಿಸಬೇಕೆಂಬುದು ಭಿನ್ನಮತದ ತಿರುಳು. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ನಮ್ಮ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವೂ 2023ರ ಅಕ್ಟೋಬರ್ 17ರಂದು ಈ ವಿಷಯವನ್ನು ಶಾಸಕಾಂಗಕ್ಕೇ ಬಿಟ್ಟಿತು.

ಮಿನಿಯಾಪೊಲಿಸ್‌ನ ಆ ಇಬ್ಬರ ಮಾತು ಉಳಿಯಿತು. ತಮ್ಮ ಊರಿನ ಕಚೇರಿ ಪರವಾನಗಿ ಕೊಡದಿದ್ದಾಗ ಅವರು 1971ರಲ್ಲಿಯೇ ಮಿನ್ನೆಸೋಟದ ಮತ್ತೊಂದು ಕೌಂಟಿಯಿಂದ ಅದನ್ನು ಪಡೆದು ಮದುವೆಯಾಗಿದ್ದರು. ಆ ಮದುವೆ ಸಿಂಧುವೆಂದು ಅಲ್ಲಿಯ ನ್ಯಾಯಾಲಯ ಹೇಳಿದ್ದು 2018ರಲ್ಲಿ.