ಬೀದರ್‌ನಲ್ಲಿ ತಂಗುವುದೆಲ್ಲಿ? ಅಷ್ಟೂರಿನಿಂದ ನೌಬಾದದವರೆಗೆ ವಸತಿ ಆಯ್ಕೆಯ ಕೈಪಿಡಿ

ರಾಜ್ಯದ ಉತ್ತರ ತುದಿಯ ಗಡಿ ಜಿಲ್ಲೆ ಬೀದರ್‌ಗೆ ಬರುವ ಪ್ರವಾಸಿಗರಲ್ಲಿ ಅನೇಕರು ಅಲ್ಲಿ ರಾತ್ರಿ ತಂಗುವುದಿಲ್ಲ. ಹೈದರಾಬಾದ್ ಸುಮಾರು 140 ಕಿ.ಮೀ., ಕಲಬುರಗಿ ಸುಮಾರು 115 ಕಿ.ಮೀ. ದೂರದಲ್ಲಿವೆ. ಹೀಗಾಗಿ ಬೆಳಿಗ್ಗೆ ಬಂದು, ಕೋಟೆಗೆ ಒಂದು ಸುತ್ತು ಹಾಕಿ, ಸಂಜೆಯೊಳಗೆ ಮರಳುವುದು ರೂಢಿಯಾಗಿದೆ. ಇಂಥ ಅವಸರದ ಪ್ರವಾಸದಲ್ಲಿ ಅಷ್ಟೂರಿನ ಗುಮ್ಮಟಗಳು, ನೌಬಾದದ ಕರೇಜ್, ಬಿದರಿ ಕುಶಲಕರ್ಮಿಗಳ ಕಾರ್ಯಾಗಾರಗಳು ನೋಡದೆಯೇ ಉಳಿಯುತ್ತವೆ. ಊರಿನ ಆಟೋದವರು, ಖಾನಾವಳಿಯವರು, ಕುಶಲಕರ್ಮಿಗಳಿಗೂ ಇಂಥ ಪ್ರವಾಸದಿಂದ ದೊರೆಯುವುದು ಅಲ್ಪವೇ. ಒಂದು ರಾತ್ರಿ ಉಳಿದರೆ ಇಬ್ಬರಿಗೂ ಲಾಭ. ಆದರೆ ಉಳಿಯುವ ಸ್ಥಳವನ್ನು ಕೋಣೆಯ ಅಂದಚಂದ ನೋಡಿ ಆರಿಸುವುದಕ್ಕಿಂತ, ಬಂದ ಉದ್ದೇಶ ನೋಡಿ ಆರಿಸುವುದು ಲೇಸು.

ನದಿ ಕೆಳಗೆ, ಊರು ಮೇಲೆ

ಜಿಲ್ಲೆಯ ಮುಖ್ಯ ನದಿ ಮಾಂಜ್ರಾ. ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟಸಾಲಿನಲ್ಲಿ ಹುಟ್ಟುವ ಈ ನದಿ ಬೀದರ್ ಜಿಲ್ಲೆಯನ್ನು ಹಾದು, ತೆಲಂಗಾಣದಲ್ಲಿ ಗೋದಾವರಿಯನ್ನು ಕೂಡುತ್ತದೆ. ಬೀದರ್ ನಗರ ಮಾತ್ರ ನದಿಯ ದಡದಲ್ಲಿಲ್ಲ. ಸಮುದ್ರಮಟ್ಟದಿಂದ 2,000 ಅಡಿಗೂ ಹೆಚ್ಚು ಎತ್ತರದ, ಜಂಬಿಟ್ಟಿಗೆಯ ಕೆಂಪು ಪ್ರಸ್ಥಭೂಮಿಯ ಮೇಲೆ ಅದು ನಿಂತಿದೆ. ಆದ್ದರಿಂದ ನದಿತೀರದ ವಸತಿಯನ್ನು ನಿರೀಕ್ಷಿಸಿ ನಗರಕ್ಕೆ ಬಂದವರಿಗೆ ನಿರಾಸೆಯಾದೀತು.

ಈ ಎತ್ತರದ ನೆಲಕ್ಕೆ ನೀರು ಒದಗಿಸುವುದು ಬಹಮನಿ ಅರಸರ ಕಾಲದಿಂದಲೂ ದೊಡ್ಡ ಪ್ರಶ್ನೆಯಾಗಿತ್ತು. 15ನೇ ಶತಮಾನದ ಮೊದಲರ್ಧದಲ್ಲಿ ರಾಜಧಾನಿ ಗುಲ್ಬರ್ಗದಿಂದ ಬೀದರ್‌ಗೆ ಬಂದಾಗ ಪರ್ಷಿಯಾದ ತಂತ್ರಜ್ಞಾನವೂ ಇಲ್ಲಿಗೆ ಬಂದಿತು. ನೌಬಾದದ ಕರೇಜ್ ಅದಕ್ಕೆ ಸಾಕ್ಷಿ. ತಾಯಿಬಾವಿಯಲ್ಲಿ ಸಂಗ್ರಹವಾದ ಅಂತರ್ಜಲವು ಸ್ವಲ್ಪವೇ ಇಳಿಜಾರಿರುವ ಸುರಂಗದ ಮೂಲಕ ತಾನಾಗಿಯೇ ಹರಿಯುತ್ತದೆ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ತೋಡಿದ ಬಾವಿಗಳು ಗಾಳಿಬೆಳಕಿಗೂ, ಹೂಳೆತ್ತುವುದಕ್ಕೂ ಅನುಕೂಲ ಒದಗಿಸುತ್ತಿದ್ದವು. ನೀರನ್ನು ಮೇಲೆತ್ತುವ ಯಂತ್ರದ ಅಗತ್ಯವೇ ಇರಲಿಲ್ಲ.

ಉದ್ದೇಶಕ್ಕೆ ತಕ್ಕ ವಸತಿ

ಕೋಟೆ ಮತ್ತು ಹಳೆಯ ಊರು: ಬೀದರ್ ಕೋಟೆ, 1472ರಲ್ಲಿ ನಿರ್ಮಾಣಗೊಂಡ ಮಹಮೂದ್ ಗವಾನ್ ಮದರಸಾ ಹಾಗೂ ಬಿದರಿ ಕಲೆಯ ಅಂಗಡಿಗಳನ್ನು ನೋಡಲೆಂದೇ ಬಂದವರಿಗೆ ಬಸ್ ನಿಲ್ದಾಣ ಮತ್ತು ನಗರ ಮಧ್ಯದ ಲಾಡ್ಜ್‌ಗಳು ಅನುಕೂಲ. ಇಲ್ಲಿಂದ ಎಲ್ಲ ಕಡೆಗೂ ಆಟೋ ದೊರೆಯುತ್ತದೆ. ರಸ್ತೆಗೆ ಮುಖ ಮಾಡಿದ ಕೋಣೆಗಳಲ್ಲಿ ವಾಹನಗಳ ಸದ್ದು ಹೆಚ್ಚು. ಹಿಂಬದಿಯ ಕೋಣೆಯನ್ನು ಕೇಳಿ ಪಡೆಯುವುದು ಉತ್ತಮ.

ಉದಗೀರ್ ರಸ್ತೆ ಮತ್ತು ನೌಬಾದ: ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲ್ ಮಯೂರ ಬರೀದ್ ಶಾಹಿ ಉದಗೀರ್ ರಸ್ತೆಯಲ್ಲಿದೆ. ಬರೀದ್ ಶಾಹಿ ಅರಸರ ಗೋರಿಗಳಿಗೂ ನೌಬಾದಕ್ಕೂ ಈ ಭಾಗದಿಂದ ಹೋಗುವುದು ಸುಲಭ. ಸ್ವಂತ ವಾಹನದಲ್ಲಿ ಬಂದು ಮರುದಿನ ಭಾಲ್ಕಿಯತ್ತ ಸಾಗುವವರಿಗೆ ನಗರದ ಈ ಪಶ್ಚಿಮ ಭಾಗವೇ ಸೂಕ್ತ; ಬೆಳಗಿನ ಪೇಟೆಯ ದಟ್ಟಣೆ ತಪ್ಪುತ್ತದೆ.

ಗುರುದ್ವಾರ ನಾನಕ್ ಝೀರಾ ಸಾಹಿಬ್: ಗುರುನಾನಕರ ಭೇಟಿಯ ನೆನಪನ್ನು ಹೊತ್ತ ಈ ಸಿಖ್ ಯಾತ್ರಾಸ್ಥಳದಲ್ಲಿ ಯಾತ್ರಿಕರಿಗೆ ವಸತಿ ಹಾಗೂ ಲಂಗರ್ ಊಟದ ವ್ಯವಸ್ಥೆ ಇದೆ. ಇದು ಲಾಡ್ಜ್ ಅಲ್ಲ, ಸೇವೆ. ತಲೆಗೆ ವಸ್ತ್ರ ಹೊದೆಯುವುದು, ಮದ್ಯ ಮತ್ತು ತಂಬಾಕಿನಿಂದ ದೂರವಿರುವುದು ಕಡ್ಡಾಯ. ಗುರುನಾನಕ್ ಜಯಂತಿಯ ದಿನಗಳಲ್ಲಿ ದೇಶದ ನಾನಾ ಭಾಗಗಳಿಂದ ಭಕ್ತರು ಬರುವುದರಿಂದ ನಗರದ ಇತರ ಕೋಣೆಗಳಿಗೂ ಬೇಡಿಕೆ ಏರುತ್ತದೆ.

ನಗರದ ಹೊರಗೆ: ಜಂಗಲ್ ಲಾಡ್ಜಸ್ ಸಂಸ್ಥೆಯ ಬ್ಲ್ಯಾಕ್‌ಬಕ್ ರೆಸಾರ್ಟ್ ವಿಲಾಸಪುರ ಕೆರೆಯ ಬಳಿ ಇದೆ. ಕೃಷ್ಣಮೃಗ, ಪಕ್ಷಿಗಳನ್ನು ನೋಡಬಯಸುವವರಿಗೂ, ಜಲದ ಸನಿಹದಲ್ಲೇ ತಂಗಬಯಸುವವರಿಗೂ ಇದು ತಕ್ಕುದು. ಮುಂಗಡ ಕಾಯ್ದಿರಿಸದೆ ಹೋಗುವುದು ಸರಿಯಲ್ಲ. ಪ್ಯಾಕೇಜ್ ದರದಲ್ಲಿ ಊಟ, ಸಫಾರಿ ಸೇರಿವೆಯೇ ಎಂದು ಮೊದಲೇ ತಿಳಿದುಕೊಳ್ಳಬೇಕು.

ಭಾಲ್ಕಿ ಮತ್ತು ಔರಾದ್: ಭಾಲ್ಕಿಗೆ ರೈಲು ಸಂಪರ್ಕವಿದೆ. ಹಿರೇಮಠ ಸಂಸ್ಥಾನಕ್ಕೆ, ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ದರ್ಶನಕ್ಕೆ ಬರುವವರು ಇಲ್ಲಿಯೇ ತಂಗಬಹುದು. ಮಾಂಜ್ರಾದ ಆಚೆಗಿರುವ ಔರಾದ್‌ಗೆ ರೈಲಿಲ್ಲ. ಅಮರೇಶ್ವರ ದೇವಾಲಯ ಹಾಗೂ ಜಾನುವಾರು ಜಾತ್ರೆಗೆ ಹೆಸರಾದ ಈ ಪಟ್ಟಣದಲ್ಲಿ ವಸತಿಯ ಆಯ್ಕೆ ಸೀಮಿತ. ಬೀದರ್‌ನಿಂದ ಸುಮಾರು 40 ಕಿ.ಮೀ. ದೂರವಿರುವುದರಿಂದ ಕುಟುಂಬದೊಡನೆ ಬಂದವರು ನಗರದಲ್ಲೇ ಕೋಣೆ ಹಿಡಿದು ಹೋಗಿಬರುವುದು ಒಳಿತು.

ಮುಂಗಡ ಕೊಡುವ ಮುನ್ನ

ಮೊದಲನೆಯದು, ಮಾತು. ಈ ಭಾಗದಲ್ಲಿ ‘ಹೋಟೆಲ್’ ಎಂದರೆ ಊಟ, ತಿಂಡಿಯ ಜಾಗವೆಂಬ ಅರ್ಥವೂ ಇದೆ. ಆಟೋದವರನ್ನು ಕೇಳುವಾಗ ‘ಲಾಡ್ಜ್’ ಎಂದರೆ ಗೊಂದಲವಿಲ್ಲ.

ಎರಡನೆಯದು, ನೀರು. ಮಾರ್ಚ್‌ನಿಂದ ಮೇ ವರೆಗೆ ಬರುವವರು ನಲ್ಲಿಯಲ್ಲಿ ದಿನವಿಡೀ ನೀರು ಇರುತ್ತದೆಯೇ, ಬಿಸಿನೀರು ಯಾವ ಹೊತ್ತಿಗೆ ಬರುತ್ತದೆ, ವಿದ್ಯುತ್ ಹೋದಾಗ ಜನರೇಟರ್ ಇದೆಯೇ ಎಂದು ವಿಚಾರಿಸಬೇಕು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದುಂಟು. ತಾರಸಿಗೆ ತಾಗಿದ ಮೇಲಂತಸ್ತಿನ ಕೋಣೆ ಆಗ ಕಾದ ಕಾವಲಿಯಂತಾಗುತ್ತದೆ.

ಮೂರನೆಯದು, ಸಮಯ. ಬೆಂಗಳೂರಿನಿಂದ ರಾತ್ರಿ ಹೊರಟವರು ಬೀದರ್ ತಲುಪುವುದು ಬೆಳಿಗ್ಗೆ. ಕೆಲವು ಲಾಡ್ಜ್‌ಗಳು ಕೋಣೆ ಕೊಟ್ಟ ಗಳಿಗೆಯಿಂದ 24 ಗಂಟೆ ಎಣಿಸುತ್ತವೆ. ಕೆಲವೆಡೆ ಮಧ್ಯಾಹ್ನ 12ಕ್ಕೆ ದಿನ ಮುಗಿಯುತ್ತದೆ. ಎರಡನೆಯ ಪದ್ಧತಿಯಿದ್ದಲ್ಲಿ ಬೆಳಿಗ್ಗೆ 7ಕ್ಕೆ ಕೋಣೆ ಹಿಡಿದವರು ಎರಡು ದಿನದ ಬಾಡಿಗೆ ತೆರಬೇಕಾದೀತು.

ನಾಲ್ಕನೆಯದು, ದರ. ಹೇಳಿದ ಬಾಡಿಗೆಯಲ್ಲಿ ತೆರಿಗೆ ಸೇರಿದೆಯೇ ಎಂದು ಕೇಳಬೇಕು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೋಣೆಗಳ ಮೇಲಿನ ಜಿಎಸ್‌ಟಿಯನ್ನು ಶೇ 12ರಿಂದ ಶೇ 5ಕ್ಕೆ ಇಳಿಸಲಾಗಿದೆ. ಹಳೆಯ ದರವನ್ನೇ ಹಾಕಿದ್ದರೆ ಬಿಲ್ ತೋರಿಸಿ ಪ್ರಶ್ನಿಸಬಹುದು.

ವೃದ್ಧರೊಡನೆ ಬಂದವರು ಲಿಫ್ಟ್ ಇದೆಯೇ, ನೆಲಮಹಡಿಯಲ್ಲಿ ಕೋಣೆ ಸಿಗುವುದೇ ಎಂಬುದನ್ನೂ ದೂರವಾಣಿಯಲ್ಲೇ ಖಚಿತಪಡಿಸಿಕೊಳ್ಳಬೇಕು.

ಯಾವಾಗ, ಹೇಗೆ?

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಹವೆ ಹಿತಕರ. ಶಿವರಾತ್ರಿ ಹಾಗೂ ಅಷ್ಟೂರಿನಲ್ಲಿ ಹಿಂದೂ, ಮುಸ್ಲಿಮರು ಕೂಡಿ ಆಚರಿಸುವ ಅಹಮದ್ ಶಾ ವಲಿ ಜಾತ್ರೆಯ ದಿನಗಳಲ್ಲಿ ಮುಂಗಡ ಕಾಯ್ದಿರಿಸುವುದು ಕ್ಷೇಮ. 2017ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ರೈಲುಮಾರ್ಗ ಉದ್ಘಾಟನೆಯಾದ ಮೇಲೆ ರಾಜ್ಯದ ಇತರ ಭಾಗಗಳಿಂದ ಬರುವ ಹಾದಿ ಸುಗಮವಾಗಿದೆ.

ಒಂದೇ ರಾತ್ರಿ ತಂಗುವವರು ಮೊದಲ ದಿನ ಬಿಸಿಲು ಇಳಿದ ಮೇಲೆ ಕೋಟೆ, ಮದರಸಾ ನೋಡಿ, ಮರುದಿನ ಮುಂಜಾನೆ ಅಷ್ಟೂರಿಗೆ, ಬಳಿಕ ನೌಬಾದಕ್ಕೆ ಹೋಗಬಹುದು. ಕರೇಜ್‌ನ ಒಳಗೆ ಸ್ಥಳೀಯರ ಮಾರ್ಗದರ್ಶನವಿಲ್ಲದೆ ಇಳಿಯಬಾರದು. ಮಳೆಗಾಲದಲ್ಲಿ ಮೇಲಿನಿಂದಲೇ ನೋಡಿ ತೃಪ್ತಿಪಡುವುದು ವಿವೇಕ.