ಕಡಲಿಲ್ಲದ ಊರಿನವರು ಬೆಟ್ಟ ಹತ್ತಿದರು

ಭಾನುವಾರ ಬೆಳಗಿನ ಜಾವ ಬಾಗಲೂರು ಕ್ರಾಸ್‌ನಲ್ಲಿ ನಿಂತು ನೋಡಿ. ಬೈಕು, ಕಾರು, ಎಲ್ಲ ನಂದಿ ಬೆಟ್ಟದ ಕಡೆಗೇ. ಎಂಜಿನಿಯರಿಂಗ್ ಓದುವಾಗ ನಾನೂ ಆ ಸಾಲಿನಲ್ಲಿದ್ದವನೇ. ಸೂರ್ಯೋದಯ, ಫೋಟೋ, ವಾಪಸ್.

ಈ ಹವಾ ಬದಲಾವಣೆಯ ಚಟ ಇಂಗ್ಲಿಷರಿಗೂ ಇತ್ತು. 1750ರ ಹೊತ್ತಿಗೆ ರಿಚರ್ಡ್ ರಸೆಲ್ ಎಂಬ ವೈದ್ಯ, ಕಾಯಿಲೆಗೆ ಸಮುದ್ರಸ್ನಾನವೇ ಮದ್ದು, ಆ ಉಪ್ಪುನೀರನ್ನು ಕುಡಿಯಿರಿ ಅಂದ. ಕುಡಿದರು ಕೂಡ! ಮೀನುಗಾರರ ಊರು ಬ್ರೈಟನ್ ಶ್ರೀಮಂತರ ವಿಹಾರಧಾಮವಾಯಿತು. ಅಲ್ಲಿ ಯುವರಾಜ ಕಟ್ಟಿಸಿದ ಅರಮನೆಗೆ ನಮ್ಮ ದೇಶದ ಶೈಲಿಯ ಗುಮ್ಮಟಗಳು. 1841ರಲ್ಲಿ ಲಂಡನ್ನಿನಿಂದ ರೈಲು ಬಂತು, ಜನಸಾಮಾನ್ಯರೂ ಬಂದರು.

ಬೆಂಗಳೂರಿನ ಇಂಗ್ಲಿಷರಿಗೆ ಕಡಲೆಲ್ಲಿ? 1,478 ಮೀಟರ್ ಎತ್ತರದ ನಂದಿಯೇ ಗತಿ. ಕಮಿಷನರ್ ಮಾರ್ಕ್ ಕಬ್ಬನ್‌ಗೆ ಅಲ್ಲೊಂದು ಬೇಸಿಗೆ ಬಂಗಲೆ. ಆದರೆ ಅದೇನು ಖಾಲಿ ಬೆಟ್ಟ ಆಗಿರಲಿಲ್ಲ ಸ್ವಾಮಿ. ಹೈದರ್, ಟಿಪ್ಪು ಬಲಪಡಿಸಿದ ಕೋಟೆ ಅದು. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಫಿರಂಗಿ ಹೊಡೆದು ಗೋಡೆ ಬಿರಿಯಿಸಿ, ಬೆಳದಿಂಗಳ ರಾತ್ರಿ ಒಳಗೆ ನುಗ್ಗಿತು. ಮೊದಲು ರಕ್ತ, ಆಮೇಲೆ ತಂಗಾಳಿ.

ಮುಂದೆ 1927ರಲ್ಲಿ ಕಾಯಿಲೆ ಬಿದ್ದ ಗಾಂಧೀಜಿ ವಿಶ್ರಾಂತಿಗೆ ಬಂದದ್ದೂ ಇಲ್ಲಿಗೇ. 1936ರಲ್ಲಿ ಮತ್ತೆ ಬಂದರು. 1986ರ ಸಾರ್ಕ್ ಶೃಂಗಸಭೆಯ ನಾಯಕರೂ ಇಲ್ಲಿ ಕೂತು ಮಾತಾಡಿದರು.

ಈಗ ಟಿಪ್ಪು ಡ್ರಾಪ್ ಹತ್ತಿರ ಸೆಲ್ಫಿಗೆ ನೂಕುನುಗ್ಗಲು. ಫಿರಂಗಿಗೆ ಗೋಡೆ ಬಿರಿದ ಜಾಗ ಯಾವುದು ಅಂತ ಕೇಳಿದವರನ್ನು ನಾನು ನೋಡಿಲ್ಲ. ಅಷ್ಟು ಸಲ ಹತ್ತಿ ಇಳಿದೆನಲ್ಲ, ನಾನೂ ಕೇಳಿರಲಿಲ್ಲ.